ಹಳದಿ ಗುರುತಿನ ಸಾಲು

ಮಾರ್ಚ್ 3

ಬಿಚ್ಚಪ್ಪನಿಗೆ,

ಮನೆಯ ರೇಡಿಯೋ, ಗೋಡೆ ಗಡಿಯಾರ, ನನ್ನ ಹೊಲಿಗೆ ಯಂತ್ರ, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಹಾಕಿ ಈ ಹೆಸರು ಸಂಪಾದಿಸಿದವನು ನೀನು. ಈಗ ನೀನು ಕೈ ಹಾಕದೆಯೇ ಒಂದು ಕೆಟ್ಟು ಕೂತಿದೆ. ಅಪ್ಪನ ಮಾತಿನ ಕಂಪ್ಯೂಟರ್.

ಆಗಿದ್ದಿಷ್ಟು. ಹೋದ ತಿಂಗಳು ಅದು ತೀರಾ ನಿಧಾನವಾಗಿತ್ತು. ಪರದೆಯ ಮೇಲೆ ಒಂದು ಅಕ್ಷರದಿಂದ ಇನ್ನೊಂದಕ್ಕೆ ಬೆಳಕು ಸರಿಯುವಷ್ಟರಲ್ಲಿ ಅಪ್ಪನಿಗೆ ತೂಕಡಿಕೆ ಬರುತ್ತಿತ್ತು. ನಮ್ಮ ಬೀದಿಯ ಕೊನೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇದೆಯಲ್ಲ, ಅವನನ್ನು ಕರೆಸಿದೆ. ಅವನು ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಟ್ಟ. ಮಾತಿನ ಪ್ರೋಗ್ರಾಂ ಸಿ.ಡಿ. ಮನೆಯಲ್ಲೇ ಇತ್ತು, ಅದನ್ನೂ ಹಾಕಿದ. ಈಗ ಅಕ್ಷರಗಳು ಪಟಪಟ ಓಡುತ್ತವೆ. ಆದರೆ ಬೇಕಾದ ಅಕ್ಷರಕ್ಕೆ ಬೆಳಕು ಬಂದಾಗ ಅಪ್ಪ ಹೆಬ್ಬೆರಳಲ್ಲಿ ಗುಂಡಿ ಒತ್ತಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ದನಿಯೂ ಇಲ್ಲ.

"ಮೇಡಂ, ಆ ಗುಂಡಿ ವೈರು ಒಳಗೊಂದು ಕಾರ್ಡಿಗೆ ಹೋಗುತ್ತೆ, ದನಿ ಬರೋದೂ ಅದರಿಂದ್ಲೇ. ಅದು ಯಾವ ಕಂಪನೀದು ಅಂತ ಕಂಪ್ಯೂಟರ್‌ಗೇ ಗೊತ್ತಾಗ್ತಿಲ್ಲ. ನೋಡಿ, ಹಳದಿ ಗುರುತು ಹಾಕಿ 'ಅಪರಿಚಿತ ಸಾಧನ' ಅಂತಿದೆ. ಇದಕ್ಕೆ ಸರಿಯಾದ ಡ್ರೈವರ್ ಬೇಕು, ಅಂದ್ರೆ ಕಾರ್ಡ್ ಓಡಿಸೋ ಪ್ರೋಗ್ರಾಂ" ಎಂದ. ಕಾರ್ಡಿನ ಮೇಲಿನ ಚೀಟಿ ಎಂದೋ ಕಿತ್ತುಹೋಗಿದೆ. ಅಂದಾಜಿನ ಮೇಲೆ ಯಾವುದೋ ಒಂದನ್ನು ಹಾಕಿ ನೋಡಿದ. ಪರದೆ ನೀಲಿಯಾಗಿ ನಿಂತುಹೋಯಿತು. ಅದನ್ನು ಮತ್ತೆ ಎಬ್ಬಿಸಲು ಅರ್ಧ ದಿನ. "ಇದನ್ನ ಕಟ್ಟಿದವರನ್ನೇ ಕೇಳಿ" ಎಂದು ಕೈ ತೊಳೆದುಕೊಂಡ. ಕಟ್ಟಿದವನು ನೀನು. ಅದಕ್ಕೇ ಕೇಳುತ್ತಿದ್ದೇನೆ.

ಡಾಕ್ಟರು ಮೊನ್ನೆ ಬಂದಿದ್ದರು. ಅಪ್ಪನ ಎದೆಯ ಸ್ನಾಯುಗಳೂ ಸೋಲುತ್ತಿವೆಯಂತೆ. ಗಂಟಲಲ್ಲಿ ರಂಧ್ರ ಮಾಡಿ ನಳಿಗೆ ಹಾಕಿ ಉಸಿರಿನ ಯಂತ್ರಕ್ಕೆ ಜೋಡಿಸಬೇಕಂತೆ. ಜೋಡಿಸಿದರೆ ವರ್ಷಗಟ್ಟಲೆ ಇರಬಹುದು, ಇಲ್ಲದಿದ್ದರೆ ಕೆಲವೇ ತಿಂಗಳು. "ಅವರನ್ನೇ ಕೇಳಿ ಹೇಳಿ, ಜೂನ್ ಒಳಗೆ ತೀರ್ಮಾನ ಆಗ್ಬೇಕು" ಎಂದರು. ನೀರು, ಮಗ್ಗಲು, ದೀಪ, ಇಂಥವನ್ನೆಲ್ಲ ಅಪ್ಪ ಕಣ್ಣಲ್ಲೇ ಹೇಳುತ್ತಾರೆ. ಹೌದಾದರೆ ಮೇಲೆ ನೋಡುತ್ತಾರೆ, ಬೇಡವಾದರೆ ಕಣ್ಣು ಮುಚ್ಚುತ್ತಾರೆ. ಇಷ್ಟು ದೊಡ್ಡ ವಿಷಯವನ್ನು ಹಾಗೆ ಕೇಳಲಾಗುತ್ತದೆಯೇ?

ಹೊಟ್ಟೆಗೆ ಸರಿಯಾಗಿ ತಿನ್ನು. ಮೇ ಕೊನೆಗೆ ನಿನ್ನ ಎರಡು ವರ್ಷದ ಕರಾರು ಮುಗಿಯುತ್ತದೆ, ನನಗೆ ನೆನಪಿದೆ.

ಅಕ್ಕ


ಮಾರ್ಚ್ 19

ಅಕ್ಕನಿಗೆ,

ನಿನ್ನ ಕಾಗದ ಸಿಮೆಂಟ್ ಮೂಟೆಗಳ ಜೊತೆ ಲಾರಿಯಲ್ಲಿ ಬಂತು. ಲಕೋಟೆ ಕೊಡವಿದರೆ ಒಂದು ಚಮಚ ಪುಡಿ ಉದುರಿತು. ಇಲ್ಲಿ ಎಲ್ಲದರ ಹಣೆಬರಹವೂ ಅಷ್ಟೇ. ಗಣಿಯ ಲಾರಿ ತೂಗುವ ಕಟ್ಟೆಯಲ್ಲಿ ನಾಲ್ಕು ಕಂಪ್ಯೂಟರುಗಳಿವೆ. ಅವುಗಳ ಹೊಟ್ಟೆಯಿಂದ ಕಲ್ಲಿನ ಧೂಳು ಊದಿ ತೆಗೆಯುವುದೇ ನನ್ನ ಉದ್ಯೋಗ. ಮಲಗುವುದು ತಗಡಿನ ಡಬ್ಬದಂಥ ಕೋಣೆಯಲ್ಲಿ. ಫೋನು ಇರುವುದು ಮ್ಯಾನೇಜರ ಮೇಜಿನ ಮೇಲೆ ಒಂದೇ. ಯಾರ ಮನೆಯಲ್ಲಾದರೂ ಸಾವಾದರೆ ಮಾತ್ರ ಅದು ನಮ್ಮ ಕೈಗೆ ಬರುತ್ತದೆ. ಅದು ಬರದಿರುವುದೇ ಒಳ್ಳೆಯದು ಎಂದುಕೊಂಡು ಕಾಗದಕ್ಕೆ ಕಾಯುತ್ತೇವೆ.

ಕಾರ್ಡಿನ ವಿಷಯ. ಆಗ ನಾನು ಹಳೆ ಸಾಮಾನಿನ ಅಂಗಡಿಯಿಂದ ಮೂರು ಬಗೆಯವನ್ನು ತಂದಿದ್ದೆ. ಒಂದೊಂದನ್ನೇ ಹಾಕಿ ನೋಡಿದ್ದೆ. ಕೊನೆಗೆ ಯಾವುದನ್ನು ಒಳಗೆ ಬಿಟ್ಟೆನೋ ನೆನಪಾಗುತ್ತಿಲ್ಲ. ಹಾಗಾಗಿ ನೀನೇ ಸ್ವಲ್ಪ ಪತ್ತೇದಾರಿ ಮಾಡಬೇಕು. ಹೆದರಬೇಡ, ಔಷಧಿ ಅಂಗಡಿಯಲ್ಲಿ ನೀನು ದಿನವಿಡೀ ಮಾಡುವ ಕೆಲಸವೇ ಇದು.

ಚೀಟಿ ಕಿತ್ತುಹೋದ ಮಾತ್ರೆಪಟ್ಟಿ ಸಿಕ್ಕಿದರೆ ನೀನು ಏನು ಮಾಡುತ್ತೀಯ? ಬಣ್ಣ ನೋಡಿ ಕೊಟ್ಟುಬಿಡುತ್ತೀಯಾ? ಇಲ್ಲ, ಅಂಚಿನಲ್ಲಿ ಒತ್ತಿರುವ ಬ್ಯಾಚ್ ನಂಬರ್ ಹುಡುಕುತ್ತೀಯ. ಕಾರ್ಡಿಗೂ ಹಾಗೇ ಒಂದು ನಂಬರ್ ಇದೆ. ಅದನ್ನು ತಯಾರಿಸುವಾಗಲೇ ಚಿಪ್‌ನೊಳಗೆ ಕೂರಿಸಿರುತ್ತಾರೆ, ಚೀಟಿ ಹೋದರೂ ಅದು ಹೋಗುವುದಿಲ್ಲ. 'ಡಿವೈಸ್ ಮ್ಯಾನೇಜರ್' ತೆರೆ. ಹಳದಿ ಗುರುತಿನ ಸಾಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್'ಗೆ ಹೋಗು. ಅಲ್ಲಿ 'ಡೀಟೇಲ್ಸ್' ಎಂದಿದೆ. ಅದರೊಳಗಿನ ಪಟ್ಟಿಯಲ್ಲಿ 'ಹಾರ್ಡ್‌ವೇರ್ ಐಡಿ' ಆರಿಸು. ಉದ್ದನೆಯದೊಂದು ಸಾಲು ಬರುತ್ತದೆ. ಅದರಲ್ಲಿ 'ವೆನ್' ಆದಮೇಲಿನ ನಾಲ್ಕು ಅಕ್ಷರ ತಯಾರಿಸಿದವರ ಗುರುತು, 'ಡೆವ್' ಆದಮೇಲಿನ ನಾಲ್ಕು ಆ ಕಾರ್ಡಿನ ಗುರುತು. ಎಂಟನ್ನೂ ಬರೆದು ಕಳಿಸು. ಅಲ್ಲಿಯವರೆಗೆ ಅಂಗಡಿಯವನು ಅಂದಾಜಿನ ಡ್ರೈವರ್ ಹಾಕದಂತೆ ನೋಡಿಕೋ.

ಮಾತು ನಿಲ್ಲುವ ಮೊದಲು ಅಪ್ಪ ಏನು ಹೇಳುತ್ತಿದ್ದರು? ನನ್ನ ಬಗ್ಗೆ ಏನಾದರೂ?

ತಮ್ಮ


ಏಪ್ರಿಲ್ 6

ಬಿಚ್ಚಪ್ಪ,

ನೀನು ಹೇಳಿದಂತೆಯೇ ಮಾಡಿದೆ. ನಂಬರನ್ನು ಬೇರೆ ಚೀಟಿಯಲ್ಲಿ ಬರೆದು ಇಟ್ಟಿದ್ದೇನೆ, ನೋಡು.

ಅಪ್ಪ ಹೇಳುತ್ತಿದ್ದುದೇನು ಎಂದು ಕೇಳಿದ್ದೀಯ. ವಿಶೇಷವೇನಿಲ್ಲ. ಕಿಟಕಿ ತೆಗಿ, ಕಿಟಕಿ ಹಾಕು. ಎದುರು ಕಟ್ಟಡದ ಲಿಫ್ಟಿನ ಸದ್ದು ಸರಿಯಿಲ್ಲ, ಅದರ ಹಗ್ಗ ನೋಡಲು ಹೇಳು ಎಂದು ಒಮ್ಮೆ. ಮೂವತ್ತೈದು ವರ್ಷ ಲಿಫ್ಟ್ ರಿಪೇರಿ ಮಾಡಿದವರಿಗೆ ಹಾಸಿಗೆಯಲ್ಲೂ ಅದೇ ಕಿವಿ. ನಿನ್ನನ್ನು ನೆನೆಯುತ್ತಿದ್ದರು. ಮೇ ತಿಂಗಳನ್ನು ಎಣಿಸುತ್ತಿದ್ದರು.

ಗುಂಡಿಯನ್ನು ತೆಗೆದು ಡ್ರಾಯರಿನಲ್ಲಿ ಇಟ್ಟಿದ್ದೇನೆ. ಇಷ್ಟು ದಿನ ಕೈಯಲ್ಲೇ ಇತ್ತು. ಅದು ಕೆಲಸ ಮಾಡುವುದಿಲ್ಲ ಎಂದು ಎಷ್ಟು ಹೇಳಿದರೂ ಟಕ್ ಟಕ್ ಎಂದು ಒತ್ತುತ್ತಲೇ ಇರುತ್ತಿದ್ದರು. ಪಾಪ, ಸುಮ್ಮನೆ ಆಯಾಸ. ನನಗೂ ಆ ಸದ್ದು ಕೇಳಲಾಗುತ್ತಿರಲಿಲ್ಲ.

ಅಂಗಡಿಯಿಂದ ಮಧ್ಯಾಹ್ನ ಬಂದು ಊಟ ಹಾಕಿ ಹೋಗುತ್ತೇನೆ. ಊಟವೆಂದರೆ ಮೂಗಿನ ನಳಿಗೆಯಲ್ಲಿ ಗಂಜಿ. ಬೆಳಿಗ್ಗೆಯಿಂದ ಸಂಜೆಯವರೆಗೆ ದಾದಿ ಇರುತ್ತಾಳೆ. ನಾನು ಚೆನ್ನಾಗಿದ್ದೇನೆ.

ಅಕ್ಕ


ಏಪ್ರಿಲ್ 22

ಅಕ್ಕನಿಗೆ,

ಅಯ್ಯೋ ಮಹಾತಾಯಿ! ನೀನು ಕಳಿಸಿದ ನಂಬರ್ ನೋಡಿ ನಗು ಬಂತು. ಅದು ನೆಟ್‌ವರ್ಕ್ ಕೇಬಲ್ ಚುಚ್ಚುತ್ತೇವಲ್ಲ, ಆ ಭಾಗದ್ದು. ಇಲ್ಲಿನ ಯಂತ್ರಗಳಲ್ಲೂ ಅದೇ ಇದೆ, ನನಗೆ ಬಾಯಿಪಾಠ. ಮಾರು ದೂರದಿಂದ ಔಷಧಿ ಬಾಟಲಿಯ ತಾರೀಖು ಓದುವ ನಿನ್ನ ಕಣ್ಣಿಗೂ ವಯಸ್ಸಾಯಿತೇ? ಕನ್ನಡಕ ಮಾಡಿಸಿಕೋ.

ಹಳದಿ ಗುರುತು ಇರುವ ಸಾಲು, ಅಕ್ಕ. ಚಿಕ್ಕ ತ್ರಿಕೋನದೊಳಗೆ ಆಶ್ಚರ್ಯಸೂಚಕ ಇರುತ್ತದೆ. ಅದರದ್ದೇ ನಂಬರ್ ಬೇಕು. ಇನ್ನೊಮ್ಮೆ ನೋಡು, ಅವಸರವಿಲ್ಲ.

ಇಲ್ಲಿ ಬಿಸಿಲು ಜೋರು. ತಗಡು ಕಾದು ಕೋಣೆಯೊಳಗೆ ಕೂರಲಾಗುವುದಿಲ್ಲ. ಅಡುಗೆಯವನು ಊರಿಗೆ ಹೋದವನು ಬರಲಿಲ್ಲ. ನಾವೇ ಬೇಯಿಸುತ್ತೇವೆ, ನಾವೇ ಬೈದುಕೊಂಡು ತಿನ್ನುತ್ತೇವೆ.

ಅಪ್ಪನಿಗೆ ನಾನು ಕೇಳಿದೆನೆಂದು ಹೇಳು.

ತಮ್ಮ


ಮೇ 8

ತಮ್ಮನಿಗೆ,

ಅವಸರವಿಲ್ಲ ಎಂದು ಬರೆದಿದ್ದೀಯ. ಸರಿ.

ಇನ್ನೊಂದು ನಂಬರ್ ಕಳಿಸಿದ್ದೇನೆ. ಇದೇ ಇರಬೇಕು.

ಆಪರೇಷನ್ನಿಗೆ ಜೂನ್ 20 ಎಂದು ದಿನ ಗೊತ್ತುಮಾಡಿದ್ದಾರೆ. ರೋಗಿಗೆ ಹೇಳಲು ಆಗದಿದ್ದರೆ ಮಕ್ಕಳಿಬ್ಬರ ಸಹಿಯೂ ಬೇಕಂತೆ. ಒಪ್ಪಿಗೆ ಪತ್ರ ಇದರಲ್ಲಿಟ್ಟಿದ್ದೇನೆ. ನಾನು ಸಹಿ ಮಾಡಿದ್ದೇನೆ, ಅದರ ಕೆಳಗೆ ನೀನು ಮಾಡಿ ಬೇಗ ಕಳಿಸು. ಕಂಪ್ಯೂಟರ್ ಸರಿಯಾಗುವವರೆಗೆ ಕಾಯುತ್ತಾ ಕೂತರೆ ಉಸಿರು ಕಾಯುವುದಿಲ್ಲ. ಅಪ್ಪನಿಗೆ ಯಾವುದು ಒಳ್ಳೆಯದು ಎಂದು ನಮಗೆ ಗೊತ್ತಿಲ್ಲವೇ? ಯಂತ್ರ ಹಾಕಿದರೆ ಇರುತ್ತಾರೆ. ಅಷ್ಟು ಸಾಕು.

ಅಮ್ಮ ಹೋದಾಗ ನಾನು ಒಬ್ಬಳೇ ಆಸ್ಪತ್ರೆಯಲ್ಲಿದ್ದೆ. ಇನ್ನೊಮ್ಮೆ ಅದು ನನ್ನಿಂದಾಗದು.

ಎರಡು ಕಾಗದದಲ್ಲಿ ಮೇ ತಿಂಗಳನ್ನು ನೆನಪಿಸಿದೆ, ಬರುವ ದಿನದ ಬಗ್ಗೆ ನೀನು ಒಂದಕ್ಷರವೂ ಬರೆದಿಲ್ಲ. ಲಾರಿಯಲ್ಲಿ ಜಾಗ ಸಿಕ್ಕಲಿಲ್ಲವೇ?

ಅಕ್ಕ


ಮೇ 25

ಅಕ್ಕನಿಗೆ,

ಈ ಸಲ ನಗು ಬರಲಿಲ್ಲ.

ನೀನು ಕಳಿಸಿದ ಎರಡನೆಯ ನಂಬರ್ ಪರದೆಗೆ ಚಿತ್ರ ಕಳಿಸುವ ಚಿಪ್‌ನದು. ಅದಕ್ಕೆ ಹಳದಿ ಗುರುತು ಬರುವ ಮಾತೇ ಇಲ್ಲ. ಬಂದಿದ್ದರೆ ಪರದೆಯಲ್ಲಿ ಅಕ್ಷರಗಳು ಪಟಪಟ ಓಡುತ್ತಲೇ ಇರಲಿಲ್ಲ. ಒಂದಕ್ಷರ ಅತ್ತಿತ್ತ ಆಗಿದ್ದರೆ ಆಯಾಸದಲ್ಲಿ ತಪ್ಪಿದೆ ಎಂದುಕೊಳ್ಳುತ್ತಿದ್ದೆ. ನಿನ್ನ ಎರಡು ಚೀಟಿಯಲ್ಲೂ ಒಂದೇ ಒಂದು ತಪ್ಪಿಲ್ಲ. ಎಂಟಕ್ಕೆ ಎಂಟೂ ಸರಿ. ಬೇರೆ ಬೇರೆ ಸಾಲನ್ನು ಹುಡುಕಿ ತೆರೆದು, ಶ್ರದ್ಧೆಯಿಂದ ಬರೆದು ಕಳಿಸಿದ್ದೀಯ. ಇಪ್ಪತ್ತು ವರ್ಷದಲ್ಲಿ ಒಬ್ಬರಿಗೂ ತಪ್ಪು ಮಾತ್ರೆ ಕೊಡದವಳು ನೀನು. ಹಳದಿ ಬಣ್ಣ ಕಾಣಿಸದೆ ಹೋಯಿತು ಎಂದರೆ ನಾನು ನಂಬಬೇಕೇ?

ಅಪ್ಪ ಏನು ಹೇಳಿದರು, ಅಕ್ಕ? ಕಿಟಕಿ, ಲಿಫ್ಟು ಎಲ್ಲ ಇರಲಿ. ಆಪರೇಷನ್ ಬಗ್ಗೆ ಏನು ಹೇಳಿದರು?

ನಿನ್ನನ್ನು ದಬಾಯಿಸುವ ಯೋಗ್ಯತೆ ನನಗಿಲ್ಲ. ಅದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಈ ಕಾಗದ ಮುಗಿಯುವುದಿಲ್ಲ. ನಾನು ಮೂರು ಕಾರ್ಡು ತಂದಿರಲಿಲ್ಲ. ಒಂದೇ ಒಂದನ್ನು ತಂದಿದ್ದು. ಅದು ಯಾವುದು ಎಂದು ನಿನ್ನ ಮೊದಲ ಕಾಗದ ಓದುವಾಗಲೇ ಗೊತ್ತಿತ್ತು. ಅದರ ಡ್ರೈವರ್ ಇರುವ ಸಿ.ಡಿ. ನನ್ನ ಪೆಟ್ಟಿಗೆಯಲ್ಲಿದೆ. ಬರುವಾಗ ಹಳೆಯ ಸಿ.ಡಿ.ಗಳನ್ನೆಲ್ಲ ಬಾಚಿಕೊಂಡು ಬಂದಿದ್ದೆನಲ್ಲ, ಅವುಗಳ ನಡುವೆ. ನಾನು ಮಾರ್ಚಿನಲ್ಲೇ ಅದನ್ನು ಲಕೋಟೆಯಲ್ಲಿಟ್ಟು ಕಳಿಸಬಹುದಿತ್ತು. ನಂಬರ್ ಕಳಿಸು, ಪತ್ತೇದಾರಿ ಮಾಡು ಎಂದೆಲ್ಲ ಬರೆದದ್ದು ನಾಟಕ.

ಯಾಕೆಂದರೆ ಫೆಬ್ರವರಿಯಲ್ಲಿ ಅಪ್ಪ ಹೇಳಿ ಬರೆಸಿದ ಕಾಗದದಲ್ಲಿ ಒಂದೇ ಸಾಲಿತ್ತು. "ಮೇನಲ್ಲಿ ಬರ್ತೀಯಲ್ಲ?" ಅದಕ್ಕೆ ಎಷ್ಟು ಹೊತ್ತು ಹಿಡಿದಿತ್ತೋ ನಿನಗೇ ಗೊತ್ತು. ಅಷ್ಟರಲ್ಲಿ ನಾನು ಇಲ್ಲಿ ಇನ್ನೆರಡು ವರ್ಷಕ್ಕೆ ಸಹಿ ಹಾಕಿಯಾಗಿತ್ತು. ಯಾರೂ ಒತ್ತಾಯಿಸಲಿಲ್ಲ, ನಾನೇ ಹೋಗಿ ಕೇಳಿಕೊಂಡೆ. ಆರನೇ ಮಹಡಿಯಿಂದ ಕೂಗಿದರೆ ಕೆಳಗಿನ ಬೀದಿಗೆ ಕೇಳಿಸುತ್ತಿದ್ದ ಅಪ್ಪ ಗುಂಡಿ ಹಿಡಿದು ಮಲಗಿರುವುದನ್ನು ನೋಡಲು ನನಗೆ ಧೈರ್ಯವಿಲ್ಲ. ಇದು ಹೇಡಿತನ, ಬೇರೆ ಹೆಸರಿಲ್ಲ. ಅವರಿಗೆ ಮಾತು ಬಂದರೆ ಮತ್ತೆ ಕೇಳುತ್ತಾರೆ, ನಾನು ಇಲ್ಲ ಎನ್ನಬೇಕು. ಕಂಪ್ಯೂಟರ್ ಕೆಟ್ಟಿದೆ ಎಂದು ನೀನು ಬರೆದಾಗ, ದೇವರಾಣೆ, ಒಂದು ಕ್ಷಣ ಹಗುರವಾಯಿತು. ಆ ಕ್ಷಣಕ್ಕಾಗಿ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ಸಿ.ಡಿ. ಇಟ್ಟಿದ್ದೇನೆ. ಹಳದಿ ಸಾಲಿಗೆ ಹೋಗಿ 'ಅಪ್‌ಡೇಟ್ ಡ್ರೈವರ್' ಒತ್ತು, ಸಿ.ಡಿ.ಯನ್ನು ತೋರಿಸು. ಹತ್ತು ನಿಮಿಷದ ಕೆಲಸ. ಗುಂಡಿಯನ್ನು ಅಪ್ಪನ ಕೈಗೆ ಕೊಡು. ಅವರು ಏನು ಹೇಳುತ್ತಾರೋ ಅದನ್ನು ಬರೆ. ಅಲ್ಲಿಯವರೆಗೆ ಒಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕುವುದಿಲ್ಲ.

ತಮ್ಮ


ಜೂನ್ 12

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಮೊದಲ ದಿನ ಅದನ್ನು ಹರಿದು ಒಲೆಗೆ ಹಾಕಬೇಕೆನ್ನಿಸಿತು. ಪೆಟ್ಟಿಗೆಯಲ್ಲಿ ಸಿ.ಡಿ. ಇಟ್ಟುಕೊಂಡು ನನ್ನ ಕಣ್ಣಿಗೆ ವಯಸ್ಸಾಯಿತೆಂದು ತಮಾಷೆ ಮಾಡಿದೆಯಲ್ಲ, ನಿನ್ನ ಕೈ ಸೇದಿಹೋಗಬಾರದಿತ್ತೇ ಎಂದು ಬೈದೆ. ಬೈದ ಮೇಲೆ ಆ ಮಾತು ಯಾರಿಗೆ ತಟ್ಟಬೇಕೆಂದು ಗೊತ್ತಾಗಿ ಸುಮ್ಮನಾದೆ.

ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ.

ಡಾಕ್ಟರು ಗಂಟಲಿನ ನಳಿಗೆಯ ವಿಷಯ ಮೊದಲು ಎತ್ತಿದ್ದು ಮಾರ್ಚಿನಲ್ಲಲ್ಲ, ಫೆಬ್ರವರಿಯಲ್ಲಿ. ಅಪ್ಪನ ಎದುರಿಗೇ ಹೇಳಿದರು. ಅವರು ಹೋದ ಮೇಲೆ ಅಪ್ಪ ಗುಂಡಿ ಹಿಡಿದರು. ಮುಕ್ಕಾಲು ಗಂಟೆ ಹಿಡಿಯಿತು. "ಗಂಟಲು ಕೊಯ್ಯಿಸಬೇಡ. ಸಾಕು ಮಗಳೇ." ಯಂತ್ರದ ಆ ಚಪ್ಪಟೆ ದನಿಯಲ್ಲಿ 'ಮಗಳೇ' ಎಂಬುದೂ ಒಂದೇ ಸಮನೆ ಬಂತು. ನಾನು ಕೇಳಿಸದವಳಂತೆ ಬಟ್ಟೆ ಮಡಿಸುತ್ತಿದ್ದೆ. ಮರುದಿನ ಮತ್ತೆ ಅದೇ. ಅದರ ಮರುದಿನವೂ. ನಾಲ್ಕನೇ ದಿನ ಅಂಗಡಿಯವನನ್ನು ಕರೆಸಿದೆ. ಕಂಪ್ಯೂಟರ್ ನಿಧಾನವಾಗಿದ್ದು ನಿಜ. ಅವನು ಎಚ್ಚರಿಸಿದ್ದೂ ನಿಜ. "ಮೇಡಂ, ಎಲ್ಲ ಅಳಿಸಿದ್ರೆ ಆ ಹಳೇ ಕಾರ್ಡು ಮತ್ತೆ ಕೆಲಸ ಮಾಡುತ್ತೋ ಇಲ್ವೋ ಹೇಳಕ್ಕಾಗಲ್ಲ" ಎಂದ. ನಾನು "ಅಳಿಸಿ" ಎಂದೆ. ಅಪ್ಪ ನೋಡುತ್ತಿದ್ದರು.

ನಿನಗೆ ಯಾಕೆ ಬರೆದೆ ಎಂದರೆ, ಬರೆಯದಿದ್ದರೆ ದಾದಿ, ಡಾಕ್ಟರು, ನೀನು, ಎಲ್ಲರೂ ಯಾಕೆ ಸರಿಮಾಡಿಸಲಿಲ್ಲ ಎನ್ನುತ್ತಿದ್ದಿರಿ. ಅಪ್ಪನ ಎದುರಿಗೇ ಕೂತು ನಿನಗೆ ಕಾಗದ ಬರೆದೆ. "ತಮ್ಮನಿಗೆ ಬರ್ದಿದೀನಿ ಅಪ್ಪ, ಸರಿಯಾಗುತ್ತೆ" ಎಂದೆ. ನನಗೆ ಅಪ್ಪ ಬೇಕಿತ್ತು ಕಣೋ. ಮಾತಾಡದಿದ್ದರೂ ಪರವಾಗಿಲ್ಲ, ಕೋಣೆಯಲ್ಲಿ ಇದ್ದರೆ ಸಾಕಿತ್ತು.

ನಿನ್ನೆ ರಜೆ ಹಾಕಿ ಕೂತೆ. ನೀನು ಬರೆದ ಹಾಗೆಯೇ ಮಾಡಿದೆ. ಸಿ.ಡಿ. ಸ್ವಲ್ಪ ಹೊತ್ತು ಗರಗರ ಎಂದಿತು. ಹಳದಿ ಗುರುತು ಹೋಯಿತು. ಆ ಸಾಲಿನಲ್ಲಿ ಕಾರ್ಡಿನ ನಿಜವಾದ ಹೆಸರು ಬಂತು. ನಾನು ಡ್ರಾಯರಿನಿಂದ ಗುಂಡಿ ತೆಗೆದು ಜೋಡಿಸಿ ಒತ್ತಿ ನೋಡಿದೆ, 'ಅ' ಎಂದಿತು. ಅಪ್ಪನ ಕಣ್ಣು ಆ ದನಿಯ ಕಡೆಗೆ ತಿರುಗಿತು. ಗುಂಡಿಯನ್ನು ಒರೆಸಿ ಅವರ ಕೈಯಲ್ಲಿಟ್ಟೆ, ಹೆಬ್ಬೆರಳನ್ನು ಅದರ ಮೇಲೆ ಕೂರಿಸಿದೆ.

ಪರದೆಯ ಮೇಲೆ ಬೆಳಕು ಮೊದಲಿನಿಂದ ಕೊನೆಯವರೆಗೆ ಹೋಯಿತು. ಮತ್ತೆ ಮೊದಲಿಂದ ಹೋಯಿತು. ನಾನು ಗುಂಡಿಯನ್ನು ಮುಂದೆ ಸರಿಸಿದೆ, ಹಿಂದೆ ಸರಿಸಿದೆ, ಇನ್ನೊಂದು ಕೈಗೆ ಕೊಟ್ಟೆ. ಅಪ್ಪನ ಹಣೆ ಬೆವರಿತ್ತು. ಹೆಬ್ಬೆರಳು ಅಲುಗಲಿಲ್ಲ. ದಾದಿ ನನ್ನ ಕೈ ಹಿಡಿದು ನಿಲ್ಲಿಸಿದಳು. "ಅಕ್ಕ, ಬಿಡಿ. ಆ ಬೆರಳು ಹೋಗಿ ಒಂದು ತಿಂಗಳ ಮೇಲಾಯ್ತು. ಗುಂಡಿ ಡ್ರಾಯರಲ್ಲೇ ಬಿಟ್ರಲ್ಲ, ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ" ಎಂದಳು. ಡಾಕ್ಟರಿಗೆ ಫೋನ್ ಮಾಡಿದೆ. ಹೇಗಿದ್ದರೂ ಹೋಗುವುದೇ ಆಗಿತ್ತು ಎಂದರು. ದಿನಾ ಒತ್ತುತ್ತಿದ್ದರೆ ಇನ್ನಷ್ಟು ದಿನ ಉಳಿಯುತ್ತಿತ್ತೇ ಎಂದು ಕೇಳಿದ್ದಕ್ಕೆ ಅವರು ಆಪರೇಷನ್ ದಿನದ ಮಾತು ತೆಗೆದರು.

ಬೆರಳು ಹೋಗಿ ಒಂದು ತಿಂಗಳು, ಅದಕ್ಕೂ ಮೊದಲು ಬೆರಳಿದ್ದೂ ಮಾತಿಲ್ಲದ ಎರಡು. ಮಾರ್ಚಿನಲ್ಲಿ ನೀನು ಕಳಿಸಿದ್ದರೆ, ನಾನು ನಿಜ ಬರೆದಿದ್ದರೆ. ಈ ಲೆಕ್ಕವನ್ನು ರಾತ್ರಿಯೆಲ್ಲ ಮಾಡಿದ್ದೇನೆ, ನೀನು ಮತ್ತೆ ಮಾಡಬೇಡ. ಇಬ್ಬರೂ ಸೇರಿ ಅಪ್ಪನ ಬಾಯಿ ಕಟ್ಟಿದೆವು. ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಎಷ್ಟು ಅಚ್ಚುಕಟ್ಟಾಗಿ!

ಇವತ್ತು ಬೆಳಿಗ್ಗೆ ಮುಖ ಒರೆಸಿ, ದಾದಿಯನ್ನು ಹೊರಗೆ ಕಳಿಸಿ, ಹಾಸಿಗೆಯ ಪಕ್ಕ ಕೂತೆ. ಕಣ್ಣಲ್ಲಿ ಕೇಳಲಾಗದು ಎಂದು ನಿನಗೆ ಬರೆದಿದ್ದೆ. ಕೇಳಲು ಆಗದಿದ್ದದ್ದು ನನಗೆ. "ಅಪ್ಪ, ಗಂಟಲಿಗೆ ನಳಿಗೆ ಹಾಕ್ಸೋದಾ?" ಎಂದೆ. ಕಣ್ಣು ಮುಚ್ಚಿದರು. ತಪ್ಪು ತಿಳಿದಿರಬಾರದೆಂದು ತಿರುಗಿಸಿ ಕೇಳಿದೆ. "ಬೇಡ ಅಂತಾನೇ ಹೇಳ್ತೀರಾ?" ಮೇಲೆ ನೋಡಿದರು. ಒಂದು ಕ್ಷಣವೂ ತಡಮಾಡಲಿಲ್ಲ. ಎರಡು ಪ್ರಶ್ನೆಗೆ ಒಂದು ನಿಮಿಷ ಹಿಡಿದಿರಲಿಕ್ಕಿಲ್ಲ.

ಒಪ್ಪಿಗೆ ಪತ್ರದ ವಿಷಯ ಮುಗಿಯಿತು. ಇಪ್ಪತ್ತನೇ ತಾರೀಖಿನ ಆಪರೇಷನ್ ಬೇಡವೆಂದು ಡಾಕ್ಟರಿಗೆ ಹೇಳಿದ್ದೇನೆ. ನೋವಾಗದಂತೆ, ಉಸಿರು ಕಟ್ಟಿದಂತೆ ಆಗದಿರಲು ಔಷಧಿ ಕೊಡುತ್ತಾರಂತೆ. ಹೆಚ್ಚೆಂದರೆ ಆರು ವಾರ ಎಂದರು.

ಆಮೇಲೆ ಇನ್ನೊಂದು ಕೇಳಿದೆ. ಕೇಳಬಾರದಿತ್ತೇನೋ. "ಅಪ್ಪ, ನನ್ನ ಮೇಲೆ ಸಿಟ್ಟಿದೆಯಾ?"

ಅವರು ಮೇಲೆ ನೋಡಲಿಲ್ಲ. ಕಣ್ಣನ್ನೂ ಮುಚ್ಚಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಎದ್ದು ಹೋಗುವವರೆಗೂ ನೋಡುತ್ತಿದ್ದರು. ಹೌದು, ಇಲ್ಲ ಎರಡರಲ್ಲೇ ಹೇಳಲಾಗದ ಉತ್ತರವೇನೋ ಅದು. ಅದನ್ನು ಹೇಳಲು ಅವರಿಗೆ ಬೆರಳು ಬೇಕಿತ್ತು. ನನಗೆ ಅದು ಇನ್ನು ಯಾವತ್ತೂ ಗೊತ್ತಾಗುವುದಿಲ್ಲ.

ನಿನ್ನ ವಿಷಯ ನಾನು ಕೇಳಲಿಲ್ಲ. ಅದನ್ನು ನೀನೇ ಬಂದು ಕೇಳು.

ಅಕ್ಕ